ಕಾಲಿಲ್ಲದ ಬೊಂಬೆ ಹತ್ತಬಹುದು, ನಾನು ಹತ್ತಬಾರದು

ಮನರಂಜನಾ ಉದ್ಯಾನದ ಅತಿಥಿ ಸುರಕ್ಷತೆ ಮತ್ತು ಅನುಕೂಲ ವಿಭಾಗದ ಮುಖ್ಯಾಧಿಕಾರಿಗಳೇ,

ಆಗಸ್ಟ್ ತಿಂಗಳ ಎರಡನೇ ಶನಿವಾರ ನಿಮ್ಮ ಮರದ ರೋಲರ್ ಕೋಸ್ಟರಿನ ಬಾಗಿಲಲ್ಲಿ, ನನ್ನ ಎಂಟು ವರ್ಷದ ಮೊಮ್ಮಗಳ ಕಣ್ಣೆದುರಿಗೆ, ನನಗೆ ನಡೆಯಲು ಬರುವುದಿಲ್ಲವಾದ್ದರಿಂದ ಕೂರಲು ಬಿಡುವುದಿಲ್ಲ ಎಂದು ಹೇಳಿ ವಾಪಸು ಕಳಿಸಲಾಯಿತು. ಮಾನ್ಯರೇ, ಕೂರುವುದೊಂದೇ ಈಗ ನನಗೆ ಚೆನ್ನಾಗಿ ಬರುವ ಕೆಲಸ. ನಾಲ್ಕು ವರ್ಷದಿಂದ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಮಾಡುತ್ತಿದ್ದೇನೆ. ನಿಮ್ಮ ರೋಲರ್ ಕೋಸ್ಟರಿನಲ್ಲಿ ಕೂರುವುದನ್ನು ಬಿಟ್ಟು ಬೇರೆ ಯಾವ ವಿದ್ಯೆ ಬೇಕಾಗುತ್ತದೆ ಎಂದು ನನಗೆ ತಿಳಿಯದು. ಬೇಕಾದರೆ ಒಂಚೂರು ಕಿರುಚಬೇಕು. ಅದೂ ನನಗೆ ಬರುತ್ತದೆ ಎಂಬುದು ಈ ಪತ್ರ ಮುಗಿಯುವಷ್ಟರಲ್ಲಿ ನಿಮಗೆ ಗೊತ್ತಾಗುತ್ತದೆ.

ನೀವು ಪೆನ್ಸಿಲ್ವೇನಿಯಾದ ಈ ಊರಿಗೆ ಬಂದು ಎರಡು ವರ್ಷವಾಯಿತಂತೆ. ಹಾಗಾಗಿ ನನ್ನ ಪರಿಚಯ ನಿಮಗಿರಲಾರದು. ಆ ರೋಲರ್ ಕೋಸ್ಟರನ್ನು, ನಾವು ಕೆಲಸದವರು ‘ಅಜ್ಜಿ’ ಎಂದು ಕರೆಯುತ್ತಿದ್ದೆವು, ಇಪ್ಪತ್ತಾರು ವರ್ಷ ನೋಡಿಕೊಂಡ ಬಡಗಿಗಳ ಮೇಸ್ತ್ರಿ ನಾನು. ಪ್ರತಿದಿನ ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಕೈಯಲ್ಲಿ ಸುತ್ತಿಗೆ ಹಿಡಿದು ಅವಳ ಹಳಿಯ ಮೇಲೆ ಪೂರ್ತಿ ಒಂದು ಸುತ್ತು ನಡೆಯಬೇಕಿತ್ತು. ಬೋಲ್ಟಿಗೆ ಸುತ್ತಿಗೆ ತಾಗಿಸಿದರೆ ಬಿಗಿಯಿದ್ದದ್ದು ಒಂದು ದನಿ, ಸಡಿಲಾಗಿದ್ದದ್ದು ಇನ್ನೊಂದು ದನಿ. ತೊಂಬತ್ತು ಅಡಿ ಎತ್ತರದಲ್ಲಿ, ಹಿಮ ಬಿದ್ದ ಏಪ್ರಿಲ್‌ನಲ್ಲೂ, ಒಂದು ದಿನವೂ ಕಾಲು ಜಾರಲಿಲ್ಲ. ಆಮೇಲೆ ಒಂದು ನವೆಂಬರಿನಲ್ಲಿ, ಜಿಂಕೆ ಬೇಟೆಯ ಮೊದಲ ದಿನ, ಮರಕ್ಕೆ ನಾನೇ ಕಟ್ಟಿದ ಹದಿನೈದಡಿ ಎತ್ತರದ ಅಟ್ಟಣಿಗೆಯಿಂದ ಬಿದ್ದೆ. ಜಿಂಕೆ ಸ್ವಲ್ಪ ಹೊತ್ತು ನಿಂತು ನನ್ನನ್ನು ನೋಡಿ ತನ್ನ ಪಾಡಿಗೆ ತಾನು ಹೋಯಿತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಜಿಂಕೆಯದೂ ಇಲ್ಲ.

ಮೊಮ್ಮಗಳು ಮಾರ್ನಿಗೆ ಆಗ ನಾಲ್ಕು ವರ್ಷ. ಅಜ್ಜಿಯ ಬಾಗಿಲಲ್ಲಿ ಪಂಜ ಚಾಚಿಕೊಂಡು ನಿಂತಿರುವ ಮರದ ಕರಡಿ ಇದೆಯಲ್ಲ, ನಾನೇ ಕೆತ್ತಿ ಬಣ್ಣ ಬಳಿದದ್ದು, ಆ ಪಂಜ ನೆಲದಿಂದ ಸರಿಯಾಗಿ ನಾಲ್ಕಡಿ, ಅದಕ್ಕಿಂತ ಕುಳ್ಳಗಿರುವ ಮಕ್ಕಳು ಹತ್ತುವಂತಿಲ್ಲ. ತಲೆ ಪಂಜಕ್ಕೆ ಮುಟ್ಟಿದ ದಿನ ಮುಂದಿನ ಸೀಟಿನಲ್ಲಿ ಇಬ್ಬರೂ ಜೊತೆಗೆ ಕೂರೋಣ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ನನ್ನ ಮನೆಯ ಅಡುಗೆಮನೆ ಬಾಗಿಲಿನ ಚೌಕಟ್ಟಿನ ತುಂಬ ಅವಳ ಎತ್ತರದ ಪೆನ್ಸಿಲ್ ಗೀಟುಗಳಿವೆ. ಈ ಜುಲೈನಲ್ಲಿ ಗೀಟು ನಾಲ್ಕಡಿ ಮುಟ್ಟಿತು. ಅದೇ ವಾರ ನಿಮ್ಮ ಪ್ರಕಟಣೆಯೂ ಬಂತು: ಅಕ್ಟೋಬರ್ ಕೊನೆಯ ಭಾನುವಾರ ಅಜ್ಜಿಯ ಕೊನೆಯ ಓಟ, ಆಮೇಲೆ ಅವಳನ್ನು ಕೆಡವಿ ಉಕ್ಕಿನದೊಂದನ್ನು ನಿಲ್ಲಿಸಲಾಗುವುದು.

ಹೊರಡುವ ಮುಂಚೆ ನಿಮ್ಮ ವಿಭಾಗ ಪ್ರಕಟಿಸಿದ ನಲವತ್ತಾರು ಪುಟದ ‘ಎಲ್ಲರಿಗೂ ಸುಸ್ವಾಗತ’ ಕೈಪಿಡಿಯನ್ನು ಭಕ್ತಿಯಿಂದ ಓದಿದೆ. ಸ್ವಾಗತ ಒಂದು ಪುಟ, ಉಳಿದ ನಲವತ್ತೈದು ಪುಟ ಯಾರಿಗೆಲ್ಲ ಸ್ವಾಗತವಿಲ್ಲ ಎಂಬ ಪಟ್ಟಿ. ನನಗೆ ಅನುಮತಿಯಿರುವುದು ತಿರುಗುವ ಕುದುರೆಗಳ ನಡುವೆ ಇರುವ ಅಲುಗಾಡದ ಬೆಂಚು, ಪುಟಾಣಿ ರೈಲಿನ ಕೊನೆಯ ಡಬ್ಬಿ ಮತ್ತು ಉಡುಗೊರೆ ಅಂಗಡಿಗಳು. ಆಹಾ, ಆ ಅಂಗಡಿಗಳನ್ನು ಹೊಗಳಲೇಬೇಕು. ಹನ್ನೊಂದು ಅಂಗಡಿಗಳಿಗೂ ಎಷ್ಟು ಚಂದದ ಇಳಿಜಾರು ದಾರಿ, ಎಷ್ಟು ಅಗಲದ ಬಾಗಿಲು! ಟೀ-ಶರ್ಟ್ ಕೊಳ್ಳಲು ಕಾಲು ಬೇಕಿಲ್ಲ ಎಂಬುದನ್ನು ನಿಮ್ಮವರು ಬಹಳ ಬೇಗ ಅರ್ಥ ಮಾಡಿಕೊಂಡಿದ್ದಾರೆ.

ಅಜ್ಜಿಯ ಸರತಿಯ ದಾರಿ ನನ್ನ ಗಾಲಿಕುರ್ಚಿಗೆ ಕಿರಿದು. ಅದಕ್ಕೆ ನೀವು ಮಾಡಿರುವ ಅನುಕೂಲವೆಂದರೆ ಒಂದು ಚೀಟಿ. ಸರತಿಯಲ್ಲಿ ನಿಂತವರು ಎಷ್ಟು ಹೊತ್ತು ಕಾಯುತ್ತಾರೋ ಅಷ್ಟೇ ಹೊತ್ತು ನಾವು ಹೊರಗೆ ಕಾಯಬೇಕು, ಗಾಲಿಕುರ್ಚಿಯವರಿಗೆ ಹೆಚ್ಚಿನ ಲಾಭ ಸಿಕ್ಕಿಬಿಡಬಾರದಲ್ಲ. ಚೀಟಿಯಲ್ಲಿ ಐವತ್ತು ನಿಮಿಷ ಎಂದಿತ್ತು. ನಾನು, ನನ್ನ ಹೆಂಡತಿ ಡಾರ್ಲಾ, ಮಾರ್ನಿ ಮೂವರೂ ಒಂದು ದೊಡ್ಡ ಪೊಟ್ಟಣ ಆಲೂ ಫ್ರೈಗೆ ವಿನೆಗರ್ ಸುರಿದುಕೊಂಡು ತಿನ್ನುತ್ತ ಬಿಸಿಲಲ್ಲಿ ಕಾದೆವು. ಎಲ್ಲರಷ್ಟೇ ಕಾದ ಮೇಲೆ ಎಲ್ಲರಂತೆ ಒಳಗೆ ಬಿಡುತ್ತಾರೆ ಎಂದುಕೊಂಡಿದ್ದೆ. ಎಂಥ ದಡ್ಡ ನಾನು.

ಬಾಗಿಲಲ್ಲಿದ್ದವರು ನನ್ನ ವಯಸ್ಸಿನ ಹೆಂಗಸು. ಶಾಲಾ ಬಸ್ಸು ಓಡಿಸಿ ನಿವೃತ್ತರಾಗಿ ಬೇಸಿಗೆಗೆ ಇಲ್ಲಿ ಸೇರಿಕೊಂಡವರಂತೆ. ಒಳ್ಳೆಯವರು, ಅವರ ಮೇಲೆ ನನಗೆ ಸಿಟ್ಟಿಲ್ಲ, ದಯವಿಟ್ಟು ಅವರ ಕೆಲಸಕ್ಕೆ ಸಂಚಕಾರ ತರಬೇಡಿ. ಅವರು ನನ್ನನ್ನು ನೋಡಿ, ಡಾರ್ಲಾಳ ಕಡೆ ತಿರುಗಿ ಕೇಳಿದರು.

“ಇವ್ರಿಗೆ ಮೆಟ್ಲು ಇಳಿಯೋಕಾಗತ್ತಾ ಅಮ್ಮ?”

“ಇವ್ರಿಗೆ ಹೋಗಿರೋದು ಕಾಲು, ಬಾಯಲ್ಲ,” ಎಂದಳು ಡಾರ್ಲಾ. “ಅದೂ ಹೋಗಿದ್ರೆ ನಮ್ಮನೆ ಒಂಚೂರು ತಣ್ಣಗಿರ್ತಿತ್ತು. ಅವ್ರನ್ನೇ ಕೇಳಿ.”

“ತಪ್ಪು ತಿಳ್ಕೋಬೇಡಿ ಸಾರ್. ಗಾಡಿ ಮೇಲೆಲ್ಲಾದ್ರೂ ನಿಂತ್ಹೋದ್ರೆ ನೂರಾ ಮೂವತ್ತೆಂಟು ಮೆಟ್ಲು ಇಳೀಬೇಕಾಗತ್ತೆ.”

“ನೂರಾ ನಲವತ್ತೊಂದು,” ಎಂದೆ. “ಕೆಳಗಿನ ಮೂರು ಮಣ್ಣಲ್ಲಿ ಹೂತ್ಹೋಗಿವೆ.”

“ಹಂಗಾದ್ರೆ ಇನ್ನೂ ಮೂರು ಜಾಸ್ತಿನೇ ಆಯ್ತಲ್ಲ ಸಾರ್,” ಎಂದು ಅವರು ಪಾಪ ನಿಜವಾಗಿಯೂ ಮರುಗಿದರು. “ಬೋರ್ಡ್ ನೋಡಿ, ಏಳನೇ ರೂಲು. ನಾನು ಮಾಡಿದ್ದಲ್ಲ. ಮಗು ಬೇಕಾದ್ರೆ ಒಬ್ಳೇ ಹೋಗ್ಬಹುದು, ಅಳತೆ ಸರಿಯಾಗಿದೆ.”

ಮಾರ್ನಿ ಕರಡಿಯ ಪಂಜದ ಕೆಳಗೆ ತಲೆಯೆತ್ತಿ ನಿಂತಿದ್ದಳು. ನನ್ನನ್ನು ನೋಡಿದಳು, ಆ ಹೆಂಗಸನ್ನು ನೋಡಿದಳು. ಆಮೇಲೆ ಮೆಲ್ಲಗೆ ಮೊಣಕಾಲು ಮಡಿಸಿ ಪಂಜಕ್ಕೂ ತಲೆಗೂ ನಡುವೆ ಒಂದು ಗೇಣು ಜಾಗ ಮಾಡಿಕೊಂಡಳು.

“ಇಲ್ಲ ಆಂಟಿ, ನಾನಿನ್ನೂ ಕುಳ್ಳಿ. ನೋಡಿ, ಮುಟ್ತಿಲ್ಲ. ನಂಗೂ ಆಗಲ್ಲ,” ಎಂದಳು.

ಮಾನ್ಯರೇ, ಮರದಿಂದ ಬಿದ್ದಾಗ ನಾನು ಅತ್ತಿರಲಿಲ್ಲ. ಅವತ್ತು ಅತ್ತೆ. ನಾಲ್ಕು ವರ್ಷ ಬೆಳೆಯುವುದಕ್ಕೆ ಕಾದ ಮಗು, ನನಗೋಸ್ಕರ ಒಂದು ನಿಮಿಷದಲ್ಲಿ ಕುಳ್ಳಿಯಾಯಿತು.

ಇನ್ನು ಏಳನೇ ನಿಯಮದ ವಿಷಯ. ‘ನಡೆದು ಇಳಿಯಲಾಗದವರು ಹತ್ತತಕ್ಕದ್ದಲ್ಲ.’ ಇದನ್ನು ಬರೆದವನ ತಲೆಯಲ್ಲಿ ಮಿದುಳಿತ್ತೋ ಮರದ ಹೊಟ್ಟಿತ್ತೋ ಎಂದು ನೀವು ಕೇಳಬಹುದು. ಹೊಟ್ಟೇ ಇತ್ತು, ಏಕೆಂದರೆ ಬರೆಸಿದವನು ನಾನೇ. ಹನ್ನೆರಡು ವರ್ಷದ ಹಿಂದೆ ವಿಮೆ ಕಂಪನಿಯಿಂದ ಟೈ ಕಟ್ಟಿದ ಒಬ್ಬರು ಬಂದಿದ್ದರು. ಗಾಡಿ ಏರಿನಲ್ಲಿ ನಿಂತರೆ ಜನ ಏನು ಮಾಡಬೇಕು ಎಂದು ಕೇಳಿದರು. ನಾನು ಬಾಯಿತುಂಬ ಡೋನಟ್ ಇಟ್ಟುಕೊಂಡು, “ಇಳ್ಕೊಂಡು ಬರ್ಬೇಕು, ಇನ್ನೇನು? ನಡೆಯಕ್ಕಾಗ್ದೋರು ಹತ್ಲೇಬಾರ್ದು,” ಎಂದೆ. ಅವರು ಬರೆದುಕೊಂಡರು. ಬೋರ್ಡು ಬಂದಾಗ ಮೊಳೆ ಹೊಡೆದವನೂ ನಾನೇ. ಆ ಮೇಜಿನ ಸುತ್ತ ಕೂತಿದ್ದ ಎಂಟು ಜನರಲ್ಲಿ ಎಂಟೂ ಜನ ಎದ್ದು ನಡೆದು ಮನೆಗೆ ಹೋದವರು, ಹಾಗಾಗಿ ಯಾರಿಗೂ ಅದು ತಪ್ಪೆನಿಸಲಿಲ್ಲ. ನಾನು ತೋಡಿದ ಗುಂಡಿಗೆ ನಾನೇ ಬಿದ್ದಿದ್ದೇನೆ. ಆದರೆ ನನ್ನ ಗುಂಡಿಗೆ ಇಷ್ಟು ವರ್ಷ ಯಾರ್ಯಾರು ಬಿದ್ದಿರಬಹುದು ಎಂದು ನೆನೆದರೆ ನಾಚಿಕೆಯಾಗುತ್ತದೆ. ಅವರಲ್ಲಿ ಒಬ್ಬರಾದರೂ ಈ ಪತ್ರ ಓದುತ್ತಿದ್ದರೆ, ನನ್ನದು ತಪ್ಪಾಯಿತು.

ಆ ದಿನ ನಾನು ಡೋನಟ್ ನುಂಗಿ ಹೇಳಬೇಕಾಗಿದ್ದ ಸಂಗತಿ ಬೇರೆಯೇ ಇತ್ತು. ನನ್ನ ಕಾಲದಲ್ಲಿ ಗಾಡಿ ಏರಿನಲ್ಲಿ ನಿಂತದ್ದು ನಾಲ್ಕು ಸಲ. ಅದರಲ್ಲಿ ಎರಡು ಸಲ ನಡೆಯಲಾಗದವರನ್ನು ಹೊತ್ತು ಇಳಿಸಿದ್ದೇವೆ. ಒಬ್ಬರು ಮಂಡಿ ನೋವಿನ ಪಾದ್ರಿ, ದಾರಿಯುದ್ದಕ್ಕೂ ದೇವರ ಹೆಸರಿನ ಜೊತೆ ಬೇರೆ ಮಾತುಗಳನ್ನೂ ಆಡಿದರು. ಇನ್ನೊಬ್ಬ ಪೈಲ್ವಾನನಂಥ ಆಳು, ಕೆಳಗೆ ನೋಡಿ ಮೂರ್ಛೆ ಹೋದವನು. ಕ್ಯಾನ್ವಾಸಿನ ಜೋಲಿ, ನಾಲ್ಕು ಜನ, ಹದಿನೈದು ನಿಮಿಷ, ಅಷ್ಟೇ. ಇಬ್ಬರೂ ಹತ್ತುವ ಮೊದಲು ಯಾರಿಗೂ ನಡೆದು ತೋರಿಸಿರಲಿಲ್ಲ. ಆ ಜೋಲಿ ಇವತ್ತಿಗೂ ಏರಿನ ಕೆಳಗಿನ ಶೆಡ್ಡಿನಲ್ಲಿ ಮೂರನೇ ಮೊಳೆಗೆ ನೇತಾಡುತ್ತಿದೆ. ಕೈಪಿಡಿಯ ನಲವತ್ತಾರು ಪುಟದಲ್ಲಿ ಅದರ ಸುಳಿವಿಲ್ಲ.

ಈಗ ಬೊಂಬೆಗಳ ಮಾತಿಗೆ ಬರುತ್ತೇನೆ. ದಿನಾ ಬೆಳಿಗ್ಗೆ ಏಳೂವರೆಗೆ ಅಜ್ಜಿಯನ್ನು ಪರೀಕ್ಷೆಗೆ ಓಡಿಸುವಾಗ ಸೀಟಿನಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಬೊಂಬೆಗಳನ್ನು ಕೂರಿಸುತ್ತಾರೆ. ಒಂದೊಂದರ ತೂಕ ನೂರಾ ಎಪ್ಪತ್ತು ಪೌಂಡ್. ಅವುಗಳಿಗೆ ತಲೆಯಿಲ್ಲ, ಕೈಯಿಲ್ಲ, ಸೊಂಟದಿಂದ ಕೆಳಗೆ ಏನೂ ಇಲ್ಲ. ಅವುಗಳನ್ನು ಯಾರೂ ಮೆಟ್ಟಿಲು ಇಳಿಯಲು ಬರುತ್ತದೆಯೇ ಎಂದು ಕೇಳಿಲ್ಲ. ಐವತ್ತು ನಿಮಿಷ ಹೊರಗೆ ಕಾಯಿಸಿಲ್ಲ. ಇಬ್ಬರು ಎತ್ತಿ ಕೂರಿಸುತ್ತಾರೆ, ಓಟ ಮುಗಿದ ಮೇಲೆ ಎತ್ತಿ ಇಳಿಸುತ್ತಾರೆ. ನಾನು ಕೇಳುತ್ತಿರುವುದೂ ಅಷ್ಟನ್ನೇ. ಬೊಂಬೆಗಿರುವ ಮರ್ಯಾದೆ ಮನುಷ್ಯನಿಗೂ ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?

ಆದ್ದರಿಂದ ನನ್ನ ಬೇಡಿಕೆ ಇದು. ಅಕ್ಟೋಬರ್ ಕೊನೆಯ ಭಾನುವಾರಕ್ಕೆ ಮುಂಚೆ, ಯಾವುದಾದರೂ ಒಂದು ಬೆಳಗಿನ ಓಟದಲ್ಲಿ, ಮುಂದಿನ ಸೀಟಿನ ಎರಡು ಬೊಂಬೆಗಳಿಗೆ ರಜೆ ಕೊಡಿ. ಅಲ್ಲಿ ನಾನು ಮತ್ತು ಮಾರ್ನಿ ಕೂರುತ್ತೇವೆ. ನನ್ನ ಜೊತೆ ದುಡಿದ ನಾಲ್ಕು ಜನ ಬಡಗಿಗಳು ಆ ಜೋಲಿ ಹಿಡಿದು ಮೆಟ್ಟಿಲ ಬಳಿ ನಿಲ್ಲಲು ಒಪ್ಪಿದ್ದಾರೆ. ಹಿಂದಿನ ರಾತ್ರಿ ಕುಡಿಯಬಾರದು ಎಂಬ ಷರತ್ತಿಗೂ ಮೂವರು ಒಪ್ಪಿದ್ದಾರೆ. ಇನ್ನು ಹೊಸ ಉಕ್ಕಿನ ಕೋಸ್ಟರಿಗೆ ನಿಯಮ ಬರೆಯುವ ದಿನ ನನ್ನನ್ನೂ ಕರೆಯಿರಿ. ಕುರ್ಚಿ ಹಾಕಿಸುವ ತೊಂದರೆ ನಿಮಗೆ ಬೇಡ, ನಾನೇ ತರುತ್ತೇನೆ.

ಆಗುವುದಿಲ್ಲ ಎಂದಾದರೆ ನನಗೆ ಕಾಗದ ಬರೆಯಬೇಡಿ. ನೀವೇ ಕರಡಿಯ ಹತ್ತಿರ ಬಂದು ಮಾರ್ನಿಗೆ ಹೇಳಿ. ಆದರೆ ಅವಳ ತಲೆ ಈಗ ಪಂಜಕ್ಕಿಂತ ಅರ್ಧ ಇಂಚು ಮೇಲೆ ಹೋಗಿದೆ, ಮೊಣಕಾಲನ್ನು ಇನ್ನೂ ಸ್ವಲ್ಪ ಹೆಚ್ಚು ಮಡಿಸಬೇಕಾಗುತ್ತದೆ. ಅವಳು ಮಡಿಸಿ ಮುಗಿಸುವ ತನಕ ದಯವಿಟ್ಟು ಅಲ್ಲೇ ನಿಂತು ನೋಡಿ.

ಇಂತಿ,
ಏಳನೇ ನಿಯಮದ ಕರ್ತೃ ಮತ್ತು ಅದರ ಬಲಿಪಶು,
ಬೊಂಬೆಗಿಂತ ಎರಡು ಪೌಂಡ್ ಹಗುರವಾಗಿರುವ
ಲೆನ್ ಹುಡಾಕ್
ಪಶ್ಚಿಮ ಪೆನ್ಸಿಲ್ವೇನಿಯಾ