‘ಬೇಕೇ ಬೇಕು’ ಎಂಬಲ್ಲಿನ ‘ಏ’

ಪ್ರೀತಿಯ ದುರುಗೇಶ,

ಓದಲು ನೀನಿಲ್ಲವೆಂದು ಬಲ್ಲೆ. ಆದರೂ ಈ ಸಂಭ್ರಮವನ್ನು ನಿನಗೇ ಹೇಳಬೇಕು. ಇಂದು ನನ್ನ ವ್ಯಾಕರಣ ನಿನ್ನ ಮಗಳನ್ನು ಕಾಪಾಡಿತು!

ಚಿತ್ತ ಒಂದೆಡೆ ನಿಲ್ಲದ ತೊಂದರೆಗೆ, ಎಡಿಎಚ್‌ಡಿ ಎನ್ನುತ್ತಾರೆ, ಲಿಂಗಸುಗೂರಿನ ವೈದ್ಯರು ಅಮರೇಶ್ವರಿಗೆ ಗುಳಿಗೆ ಬರೆದುಕೊಟ್ಟಿದ್ದರು. ಅದರಿಂದ ಅವಳ ಓದು ಕುದುರಿತ್ತು. ಈ ಬೆಳಿಗ್ಗೆ, “ಅಜ್ಜಾ, ಲಿಂಗಸುಗೂರಿಗೆ ಹೋಗೂಣು. ಗುಳಿಗಿ ಬೇಕೇ ಬೇಕು” ಎಂದಳು.

“‘ಬೇಕು’ ಅಂದ್ರ ಸಾಕಿತ್ತಲ್ಲವ್ವಾ, ಆ ‘ಏ’ ಯಾಕ ಬಂತು?”

“ಮನ್ಯಾಗೂ ವ್ಯಾಕರಣ ತಿದ್ದತೀಯೇನು?” ಎಂದು ನಕ್ಕವಳು ಹಾಗೆಯೇ ಅತ್ತುಬಿಟ್ಟಳು. “ಪರೀಕ್ಷಾ ಅಂತ ಒಂದರ ಬದ್ಲಿ ಎರಡು ನುಂಗಾಕತ್ತೀನಿ, ಅಜ್ಜಾ. ಬಿಡಾಕ ಆಗವಲ್ದು.”

ಕೂಡಲೇ ಮಸ್ಕಿಯಿಂದ ಬಸ್ಸು ಹಿಡಿದೆವು. ವೈದ್ಯರು, “ಚಟ ಬಲಿಯೂದರೊಳಗ ಕರ್ಕೊಂಡು ಬಂದ್ರಿ, ಚಲೋ ಆತ್ರೀ ಮಾಸ್ತರ. ಇನ್ನ ಗುಳಿಗಿ ನಿಮ್ಮ ಕೈಯಾಗಿರ್ಲಿ” ಎಂದರು.

ಹಿಂದಿರುಗುವಾಗ ಅವಳು, “ಭಾರಿ ಕಿವಿ ನಿಂದು, ಅಜ್ಜಾ!” ಎಂದು ಬೆರಗಾದಳು. ನಾನು ಹಿಗ್ಗಿದೆ, ದುರುಗೇಶ.

ತೀರಿಕೊಳ್ಳುವ ಮುನ್ನ ಕೊನೆಯ ಬಾರಿ ಮನೆಗೆ ಬಂದಾಗ ನೀನು, “ಕುಡಿಯೂದು ಬಿಟ್ಟೇ ಬಿಟ್ಟೀನಿ, ಅಪ್ಪಾ” ಎಂದಿದ್ದೆ. ಆ ‘ಏ’ ಕೂಡ ನನಗೆ ಸ್ಪಷ್ಟವಾಗಿ ಕೇಳಿಸಿತ್ತು.