ನಡುವಿನಿಂದ ಕೂಡಿಸಿದ ಸೆರಗು

ಗಜೇಂದ್ರಗಡ, 2006

ಮಕ್ತುಮಬಿ ಚಿಗವ್ವಾ,

ಓದಲು ನೀನಿಲ್ಲ. ಆದರೂ ಇವತ್ತಿನ ಸುದ್ದಿಯನ್ನು ನಿನಗೇ ಹೇಳಬೇಕು.

ನೀನು ಕೊನೆಯವರೆಗೆ ದುಡಿದ ಆ ದೊಡ್ಡ ಸೀರೆ ಕಾರ್ಖಾನೆಯಿಂದ ಫರ್ಜಾನಾ ಎಂಬ ಕೆಲಸದ ಹುಡುಗಿಯನ್ನು ನಮ್ಮ ಮಗ್ಗಕ್ಕೆ ಕರೆತಂದೆ. ನಮ್ಮ ಮನೆಯ ಮಗ್ಗದಲ್ಲಿ ಕೆಲಸಕ್ಕಿದ್ದ ನಿನ್ನನ್ನು ಆ ಕಾರ್ಖಾನೆಯವರು ಕರೆದುಕೊಂಡು ಹೋದಾಗ, ನಮ್ಮ ಕಸಬೇ ಎದ್ದು ಹೋಯಿತೆಂದು ಅಪ್ಪ ಸಿಟ್ಟಾಗಿದ್ದ. ಆಮೇಲೆ ಮನೆಯಲ್ಲಿ ಯಾರೂ ನಿನ್ನ ಹೆಸರೆತ್ತಲಿಲ್ಲ.

ಇವತ್ತು ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆ ಕೂಡಿಸಲು ಕೂತ ಫರ್ಜಾನಾ, ಅಂಚು ಬಿಟ್ಟು ನಟ್ಟನಡುವಿನಿಂದ ಶುರುಮಾಡಿದಳು. ಅವ್ವ ನಿನಗೆ ಕಲಿಸಿದ್ದು ಹಾಗೇ. ನೀನು ಹೋದ ಮೇಲೆ ಇಲ್ಲಿ ಆ ಕೈ ಯಾರಿಗೂ ಬರಲಿಲ್ಲ. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಳ್ಳುವುದು ಮಾತ್ರ ಹೊಸದು. ಅದು ಆ ಕಾರ್ಖಾನೆಯ ರೂಢಿಯಂತೆ.

"ಇದನ್ನ ಯಾರ ಕಲಿಸಿದ್ರವಾ ನಿನಗ?" ಎಂದೆ.

"ಮಕ್ತುಮಬಿ ಖಾಲಾರಿ. 'ನಮ್ಮ ಮನ್ಯಾಗ ಹಿಂಗ ಕೂಡಸ್ತಿದ್ವಿ' ಅಂತ ಕಡೀತನಕ ಅಂತಿದ್ರು. ಖರೇ ಅಂದ್ರ ಅವ್ರ ಮನ್ಯಾಗ ಮಗ್ಗನ ಇರಲಿಲ್ರಿ. ಅದ್ಯಾವ ಮನಿ ಅಂತ ಕೇಳಿದ್ರ ಸುಮ್ಮನ ನಗ್ತಿದ್ರು."

ಅವಳ ಬೂದಿ ಬೆರಳುಗಳನ್ನೇ ನೋಡುತ್ತ, "ಇದ ಆ ಮನಿ," ಎಂದೆ.