ಎರಡೂ ಹೊರಡುತ್ತವೆ

ಸಾದಲಿ,
೧೭ ನವೆಂಬರ್ ೨೦೨೪, ಭಾನುವಾರ

ಮೋಹನ್‌ಬಾಬುಗೆ ಮಾಲಾ ಬರೆಯುತ್ತಿರುವುದು.

‘ಪ್ರೀತಿಯ’ ಅಂತ ಶುರು ಮಾಡೋಣ ಎಂದು ಕೂತೆ, ಕೈ ಓಡಲಿಲ್ಲ. ಗಂಡನನ್ನು ‘ನೀನು’ ಅನ್ನುತ್ತಾಳೆ ಎಂದು ನಿನ್ನಮ್ಮ ಅಕ್ಕಯ್ಯಮ್ಮ ಮಂಡಿಕಲ್ಲಿನಲ್ಲಿ ಇವತ್ತಿಗೂ ದೂರುತ್ತಾರಂತೆ. ದೂರಲಿ. ರೈತ ಸಂಘದ ವೇದಿಕೆಯಲ್ಲಿ ಹಾರ ಬದಲಾಯಿಸಿಕೊಂಡ ದಿನ, ನಿನ್ನನ್ನು ‘ನೀನು’ ಎಂದೇ ಕರೆಯುತ್ತೇನೆ ಎಂದು ಮೈಕಿನಲ್ಲೇ ಹೇಳಿದ್ದೆನಲ್ಲ.

ನಿನ್ನ ಕಾಗದ ತಲುಪಿತು. ಓದಿ ಒಲೆಗೆ ಹಾಕಿದೆ. ಅದರಲ್ಲಿದ್ದ ಪ್ರಶ್ನೆ ಮಾತ್ರ ಸುಡಲಿಲ್ಲ. ದ್ವೀಪದ ಕೆಲಸವನ್ನು ಇನ್ನೂ ಮೂರು ವರ್ಷಕ್ಕೆ ಒಪ್ಪಿಕೊಳ್ಳಲಾ, ನೀನು ಇಲ್ಲಿಗೆ ಬರ್ತೀಯಾ, ಇಲ್ಲ ನಮ್ಮದು ಇಷ್ಟಕ್ಕೇ ಮುಗೀತಾ ಎಂದು ಕೇಳಿದ್ದೀಯ. ಉತ್ತರ ಕೊಡುತ್ತೇನೆ. ಮೊದಲು ಜಗಳ.

ಮಂಚೇನಹಳ್ಳಿ ಆಚೆ ಬೀಜದ ಕಂಪನಿಯ ಪ್ರಯೋಗದ ಹೊಲಕ್ಕೆ ನಾವು ನುಗ್ಗಲು ಹೋದ ದಿನ ನೆನಪಿದೆಯಾ? ಗೇಟಿನ ಒಳಗೆ ನೀನು ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ನಿಂತಿದ್ದೆ. ಹೊರಗೆ ನಾನು ಮೈಕು ಹಿಡಿದಿದ್ದೆ. ಜೀನು ತಿದ್ದಿ ರೈತನ ಬೀಜಕ್ಕೆ ಬೀಗ ಹಾಕುವವರ ಕೂಲಿಗಳು ಎಂದೆ. ನಿನ್ನನ್ನೂ ಸೇರಿಸಿಯೇ ಅಂದದ್ದು. ಇವತ್ತೂ ವಾಪಸ್ ತಗೊಳ್ಳೋದಿಲ್ಲ. ಬೀಜ ಯಾರದು ಎಂದು ಕೇಳಿದ್ದಕ್ಕೆ ಆ ಕಂಪನಿ ಇನ್ನೂ ಬಾಯಿ ಬಿಟ್ಟಿಲ್ಲ. ನೀನು ಆ ಕೆಲಸವನ್ನೇನೋ ಬಿಟ್ಟೆ. ಆದರೆ ನನ್ನ ಕಡೆಗೆ ಬರಲಿಲ್ಲ, ಸಮುದ್ರದ ಕಡೆಗೆ ಹೋದೆ.

ಈಗ ಅಲ್ಲಿ ನಿನ್ನ ಕೆಲಸ ಮುಳ್ಳಿನ ನಕ್ಷತ್ರಮೀನಿನದು. ಹೊಟ್ಟೆಯನ್ನೇ ಹೊರಚಾಚಿ ಜೀವಂತ ಹವಳವನ್ನು ಕರಗಿಸಿ ತಿನ್ನುತ್ತದೆ, ಹೋದ ದಾರಿಯಲ್ಲೆಲ್ಲ ಬಿಳಿ ಎಲುಬು ಬಿಟ್ಟು ಹೋಗುತ್ತದೆ, ನಮ್ಮ ರೇಷ್ಮೆ ಹುಳಕ್ಕೆ ಊಜಿ ನೊಣ ಹೇಗೋ ಹವಳದ ದಿಬ್ಬಕ್ಕೆ ಇದು ಹಾಗೆ ಎಂದು ಬರೆದಿದ್ದೀಯ. ಒಪ್ಪಿದೆ. ಅದು ಹೀಗೆ ಪೀಡೆಯಾಗಿ ಬೆಳೆದದ್ದು ಯಾಕೆ? ಅದನ್ನು ತಿನ್ನುವ ಮೀನು, ಶಂಖ ಎಲ್ಲ ಬಾಚಿ ಮಾರಿದವರು ಯಾರು? ಕೊಳಕು ನೀರನ್ನು ಕಡಲಿಗೆ ಬಿಟ್ಟವರು ಯಾರು? ಅವರ ಜೀನು ಓದುವವರು ಯಾರೂ ಇಲ್ಲವಾ?

ನಾವು ತಿದ್ದುವುದಿಲ್ಲ, ಓದುತ್ತೇವೆ ಅಷ್ಟೇ ಎಂದು ಅಡಿಗೆರೆ ಎಳೆದಿದ್ದೀಯ. ಆ ನಕ್ಷತ್ರಮೀನುಗಳು ಒಂದೆಡೆ ಸೇರುವಾಗ ನೀರಿಗೆ ಬಿಡುವ ವಾಸನೆ ಯಾವ ಜೀನಿನಿಂದ ಬರುತ್ತದೆಂದು ಓದಿ, ಅದೇ ವಾಸನೆಯನ್ನು ಲ್ಯಾಬಿನಲ್ಲಿ ತಯಾರಿಸಿ ನೀರಲ್ಲಿಟ್ಟರೆ ಅವೇ ಬಂದು ಗುಂಪು ಕೂಡುತ್ತವೆ. ಮುಳುಗುವವರು ಆರಿಸಿ ಎತ್ತಬಹುದು, ವಿಷ ಬೇಡ. ಆಗಬಹುದು, ಇನ್ನೂ ಆಗಿಲ್ಲ ಎಂದೂ ಬರೆದಿದ್ದೀಯ. ಹಾಳಾದ್ದು, ಆ ಪ್ರಾಮಾಣಿಕತೆಯೇ ನನ್ನನ್ನು ಕೆಡಿಸೋದು.

ನಾನೀಗ ಶಿಡ್ಲಘಟ್ಟದ ಗ್ರೇನೇಜಿಗೆ ಹೋಗುತ್ತಿದ್ದೇನೆ, ರೇಷ್ಮೆ ಮೊಟ್ಟೆ ತಯಾರು ಮಾಡುವ ಜಾಗಕ್ಕೆ. ಸಂಘದ ಕೆಲಸ ಸಂಜೆಗೆ. ಬೆಳಿಗ್ಗೆ ಗೂಡಿನಿಂದ ಚಿಟ್ಟೆಗಳು ಹೊರಬರುತ್ತವೆ. ಹೆಣ್ಣು ಕೂತಲ್ಲೇ ಕೂತು ವಾಸನೆ ಬಿಡುತ್ತದೆ. ಗಂಡಿಗೆ ರೆಕ್ಕೆಯಿದೆ, ಹಾರಲು ಬಾರದು. ಮನುಷ್ಯರೇ ಸಾಕಿ ಸಾಕಿ ಅದನ್ನು ಹಾಗೆ ಮಾಡಿಟ್ಟಿದ್ದಾರೆ. ಆದರೂ ರೆಕ್ಕೆ ಬಡಿಯುತ್ತಾ ತಟ್ಟೆಯ ಆ ತುದಿಯಿಂದ ನಡೆದುಕೊಂಡೇ ಬರುತ್ತದೆ. ಮಧ್ಯಾಹ್ನ ನಾವು ಜೋಡಿ ಬಿಡಿಸುತ್ತೇವೆ. ಎಳೆಯಬಾರದು, ಮೆಲ್ಲಗೆ ತಿರುಗಿಸಬೇಕು. ಹೆಣ್ಣು ಮೊಟ್ಟೆ ಇಡುವ ಹಾಳೆಗೆ, ಗಂಡು ಇನ್ನೊಂದು ಜೋಡಿಗೆ ಬೇಕೆಂದು ತಂಪು ಪೆಟ್ಟಿಗೆಗೆ. ಇದು ನನ್ನ ಕೂಲಿ.

ಊಟದ ಹೊತ್ತಿನಲ್ಲಿ ನಿನ್ನ ನಕ್ಷತ್ರಮೀನಿನ ಕತೆ ಹೇಳಿದೆ. ನನ್ನ ಜೊತೆ ಕೆಲಸ ಮಾಡುವ ವೆಂಕಟರತ್ನಮ್ಮ ಮುದ್ದೆ ಮುರಿಯುತ್ತಾ, “ಚೆನ್ನಾಗೈತೆ ಬಿಡಮ್ಮ ನಿಮ್ ಸಂಸಾರ. ಆವಯ್ಯ ಅಲ್ಲಿ ಮೀನುಗಳ್ನ ಒಂದ್ಕಡೆ ಸೇರಿಸ್ತಾನೆ, ನೀನಿಲ್ಲಿ ಸೇರ್ಕೊಂಡಿರೋವ್ನ ಬಿಡಿಸ್ತೀಯ” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಜೋಡಿ ಬಿಡಿಸುವಾಗ ಕೈ ತಪ್ಪಿ ಒಂದು ಗಂಡಿನ ರೆಕ್ಕೆ ಮುರಿಯಿತು. ಅದು ಮುರಿದ ರೆಕ್ಕೆಯನ್ನೇ ಬಡಿಯುತ್ತಾ ಮತ್ತೆ ಅದೇ ಹೆಣ್ಣಿನ ಕಡೆ ತಿರುಗಿತು. ಮೇಸ್ತ್ರಿ ನೋಡದ ಹಾಗೆ ಎರಡನ್ನೂ ಒಂದೇ ಬಟ್ಟಲಿನ ಕೆಳಗೆ ಮುಚ್ಚಿಟ್ಟೆ.

ಇಷ್ಟಕ್ಕೇ ಕರಗಿಬಿಟ್ಟಳು ಅಂದ್ಕೋಬೇಡ. ಹಂಬಲವನ್ನೇ ಬಲೆ ಮಾಡುವ ವಿದ್ಯೆ ನಿಮ್ಮದು. ನೀನು ಬರೆದ ‘ಬಾ’ ನಿಜವಾದ ಕರೆಯೋ, ಲ್ಯಾಬಿನಲ್ಲಿ ಕಾಸಿದ ವಾಸನೆಯೋ ಎಂದು ವಾರವೆಲ್ಲ ಅನುಮಾನಪಟ್ಟಿದ್ದೇನೆ. ಅದಕ್ಕೇ ಒಂದು ಷರತ್ತು. ಕಡಲಿಗೆ ಒಂದು ತೊಟ್ಟು ಬಿಡುವ ಮೊದಲು ಆ ದ್ವೀಪದ ಮೀನುಗಾರರನ್ನು ಎದುರು ಕೂರಿಸಿಕೊಂಡು ಅವರ ಮಾತಿನಲ್ಲಿ ವಿವರಿಸಬೇಕು. ಅವರು ಬೇಡ ಅಂದರೆ ನಿಲ್ಲಿಸಬೇಕು. ಅಷ್ಟು ಮಾಡುತ್ತೀಯಾದರೆ ಮೂರು ವರ್ಷ ಒಪ್ಪಿಕೋ. ಹವಳ ಉಳಿಯಲಿ. ನನ್ನ ನೆಪ ಹೇಳಿ ಅರ್ಧಕ್ಕೆ ಬಿಟ್ಟು ಬಂದರೆ ಬಾಗಿಲು ತೆಗೆಯುವುದಿಲ್ಲ.

ಇನ್ನು ನನ್ನ ವಿಷಯ. ಇಲ್ಲಿನ ಹೆಂಗಸರನ್ನು ಬಿಟ್ಟು ನಾನು ದ್ವೀಪಕ್ಕೆ ಬರುವುದಿಲ್ಲ. ಹಾಗಂತ ಕೂತಲ್ಲೇ ಕೂತು ಕಾಯುವ ಹೆಣ್ಣು ಚಿಟ್ಟೆಯೂ ನಾನಲ್ಲ. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು: ಈ ಮೀನುಗಳಲ್ಲಿ ಕೂತು ಕರೆಯುವುದು ಒಂದು, ನಡೆದು ಬರುವುದು ಇನ್ನೊಂದು ಅಂತ ಇಲ್ಲ, ಗಂಡೂ ಹೆಣ್ಣೂ ಎರಡೂ ಹೊರಡುತ್ತವೆ.

ನಿಮ್ಮ ಹಡಗು ಕೊಚ್ಚಿಗೆ ಬರುತ್ತದಲ್ಲ. ನಾನೂ ಕೊಚ್ಚಿಗೆ ಬರುತ್ತೇನೆ. ಸಂಕ್ರಾಂತಿ ಕಳೆದ ಮೇಲಿನ ವಾರಕ್ಕೆ ರಜೆ ಕೇಳಿದ್ದೇನೆ. ಈ ಮೂರು ವರ್ಷವೂ ಹೀಗೆ ಅರ್ಧ ದಾರಿ ನನ್ನದು, ಅರ್ಧ ದಾರಿ ನಿನ್ನದು. ಬಂದರೆ ಮಾತಾಡೋಣ, ಉಳಿದ ಜಗಳವನ್ನೂ ಆಡೋಣ. ನೀನು ಬರದಿದ್ದರೆ ಸುಮ್ಮನೆ ವಾಪಸ್ ಬಸ್ಸು ಹತ್ತುತ್ತೇನೆ. ಆಮೇಲೆ ಕಾಗದ ಬರೆಯುವುದಿಲ್ಲ.

ಇವತ್ತಿಗೂ ಗೇಟಿನ ಹೊರಗೇ ನಿಂತಿರುವ,
ಮಾಲಾ

ತಾ.ಕ.: ಫೋನು ಇರುವಾಗ ಕಾಗದ ಯಾಕೆ ಎಂದು ಕೇಳಿದ್ದೀಯ. ಫೋನಿಗೆ ವಾಸನೆಯಿಲ್ಲ. ನಿನ್ನ ಕಾಗದ ಒಲೆಗೆ ಹಾಕಿದೆ ಎಂದದ್ದು ಸುಳ್ಳು. ಸೀರೆಗಳ ನಡುವೆ ಇದೆ. ಬಿಡಿಸಿದರೆ ಉಪ್ಪು, ಡೀಸೆಲ್ಲು, ನಿನ್ನ ಬೀಡಿ. ಬಿಡಿಸಿ ಬಿಡಿಸಿ ಕಡಿಮೆಯಾಗುತ್ತಾ ಬಂದಿದೆ. ಹೊರಡು.